ನಾಯಿಗೆ ಮಾತ್ರೆ ಕೊಟ್ರೂ ಜಂತುಹುಳ ಮತ್ತೆ ಯಾಕೆ ಬರುತ್ತೆ?

(ಬನಶಂಕರಿ ಕಡೆಯ ಒಂದು ಬಡಾವಣೆಯ ಪಾರ್ಕಲ್ಲಿ ನಾಯಿ ಸಾಕಿರೋರು, ಬೀದಿ ನಾಯಿಗಳಿಗೆ ಊಟ ಹಾಕೋರು ಸೇರಿದ್ದಾಗ ಮಾತಾಡಿದ್ದು. ಬರೆದು ಕೊಡಿ ಅಂತ ಕೆಲವರು ಕೇಳಿದ್ರು, ಆದಷ್ಟೂ ಮಾತಾಡಿದ ಹಾಗೇ ಇಟ್ಟಿದೀನಿ.)

ಎಲ್ಲರಿಗೂ ನಮಸ್ಕಾರ. ನಾಯಿಗಳನ್ನೂ ಕರ್ಕೊಂಡು ಬಂದಿದೀರ, ತುಂಬಾ ಸಂತೋಷ, ಅವು ಬೊಗಳಿದ್ರೆ ಬೊಗಳಲಿ, ನಾನು ಸ್ವಲ್ಪ ಜೋರಾಗಿ ಮಾತಾಡ್ತೀನಿ.

ಕ್ಲಿನಿಕ್ಕಿಗೆ ಬರೋರು ಹೆಚ್ಚಾಗಿ ಕೇಳೋದು ಒಂದೇ, ಡಾಕ್ಟ್ರೇ ಮೂರು ತಿಂಗಳಿಗೊಂದ್ಸಲ ತಪ್ಪದೆ ಡೀವರ್ಮಿಂಗ್ ಮಾಡಿಸ್ತೀವಿ, ಆದ್ರೂ ಮತ್ತೆ ಹುಳ ಕಾಣಿಸ್ತು, ಮಾತ್ರೆ ಡೂಪ್ಲಿಕೇಟ್ ಇರ್ಬಹುದಾ ಅಂತ. ಸಾಮಾನ್ಯವಾಗಿ ಮಾತ್ರೇಲಿ ಏನೂ ತಪ್ಪಿರಲ್ಲ. ಡೀವರ್ಮಿಂಗ್ ಅನ್ನೋದು ವ್ಯಾಕ್ಸಿನ್ ಥರ ಅಂತ ಸುಮಾರು ಜನ ಅಂದ್ಕೊಂಡಿದಾರೆ, ಒಂದ್ಸಲ ಕೊಟ್ರೆ ಮೂರು ತಿಂಗಳು ರಕ್ಷಣೆ ಅಂತ. ಹಾಗಿಲ್ಲ. ಆ ಮಾತ್ರೆ ಇವತ್ತು ಕರುಳಲ್ಲಿರೋ ಹುಳಾನ ಸಾಯಿಸುತ್ತೆ, ಒಂದೆರಡು ದಿನದಲ್ಲಿ ಅದರ ಕೆಲಸ ಮುಗೀತು. ನಾಡಿದ್ದು ಬೆಳಿಗ್ಗೆ ವಾಕಿಂಗಲ್ಲಿ ಅದೇ ಮರದ ಬುಡ ಮೂಸಿ, ಅದೇ ಮಣ್ಣು ಮೆಟ್ಟಿ, ಮನೆಗೆ ಬಂದು ಕಾಲು ನೆಕ್ಕಿಕೊಂಡ್ರೆ ಮತ್ತೆ ಶುರು. ಅಂದ್ರೆ ಹುಳದ ಮನೆ ನಾಯಿ ಹೊಟ್ಟೆ ಒಂದೇ ಅಲ್ಲ, ನೆಲಾನೂ ಹೌದು. ಇವತ್ತು ನಾನು ಹೇಳ್ಬೇಕು ಅಂತ ಬಂದಿರೋದು ಇದನ್ನೇ, ನಾಯಿಗೆ ಔಷಧಿ ಕೊಟ್ಟು ನೆಲಾನ ಹಾಗೇ ಬಿಟ್ರೆ ಚಿಕಿತ್ಸೆ ಅರ್ಧ ಮಾತ್ರ ಆದ ಹಾಗೆ.

ಒಂದೊಂದೇ ಹುಳ ನೋಡೋಣ, ಯಾಕಂದ್ರೆ ಒಂದೊಂದೂ ಬರೋ ದಾರಿ ಬೇರೆ, ತಡೆಯೋ ರೀತಿನೂ ಬೇರೆ.

ಮೊದಲು ದುಂಡುಹುಳ, ವಿಜ್ಞಾನದ ಹೆಸರು ಟಾಕ್ಸೊಕಾರಾ ಕ್ಯಾನಿಸ್. ಮರಿಗಳು ವಾಂತಿ ಮಾಡಿದಾಗಲೋ ಕಕ್ಕ ಮಾಡಿದಾಗಲೋ ಬೆಳ್ಳಗೆ ಉದ್ದಕ್ಕೆ ಸುರುಳಿ ಸುತ್ಕೊಂಡು ಹೊರಗೆ ಬೀಳುತ್ತಲ್ಲ, ಅದೇ. ಹತ್ತು ಹದಿನೈದು ಸೆಂಟಿಮೀಟರ್ ತನಕ ಬೆಳೆಯುತ್ತೆ. ಇದರ ವಿಶೇಷ ಏನಂದ್ರೆ ಮರಿ ಹುಟ್ಟೋಕೆ ಮುಂಚೇನೇ ಮರಿಯೊಳಗೆ ಸೇರ್ಕೊಳ್ಳುತ್ತೆ. ತಾಯಿ ಯಾವತ್ತೋ ಚಿಕ್ಕವಳಿದ್ದಾಗ ನುಂಗಿದ ಮೊಟ್ಟೆಯಿಂದ ಬಂದ ಲಾರ್ವಾಗಳು, ಅಂದ್ರೆ ಹುಳದ ಮರಿಗಳು, ಅವಳ ಮಾಂಸಖಂಡದಲ್ಲಿ ನಿದ್ದೆ ಮಾಡ್ತಾ ಇರುತ್ವೆ, ಕರುಳಲ್ಲಿ ಅಲ್ಲ, ಹಾಗಾಗಿ ಮಾಮೂಲಿ ಡೀವರ್ಮಿಂಗ್ ಮಾತ್ರೆ ಅವನ್ನ ಮುಟ್ಟೋದೇ ಇಲ್ಲ. ಬಸುರಿಯಾಗಿ ಸುಮಾರು ಆರು ವಾರ ಆದ್ಮೇಲೆ ಅವು ಎಚ್ಚರ ಆಗಿ ಗರ್ಭಕೋಶದ ಮೂಲಕ ಮರಿಗಳಿಗೆ ಹೋಗುತ್ವೆ, ಹುಟ್ಟಿದ್ಮೇಲೆ ಹಾಲಲ್ಲೂ ಒಂದಿಷ್ಟು ಹೋಗುತ್ವೆ. ಮರಿಗೆ ಮೂರು ವಾರ ಆಗೋ ಹೊತ್ತಿಗೆ ಅದರ ಹೊಟ್ಟೇಲಿ ಹುಳ ದೊಡ್ಡದಾಗಿ ಮೊಟ್ಟೆ ಇಡೋಕೆ ಶುರು ಮಾಡಿರುತ್ತೆ, ಅದೂ ಒಂದು ಹೆಣ್ಣುಹುಳ ದಿನಕ್ಕೆ ಹತ್ತಾರು ಸಾವಿರ ಮೊಟ್ಟೆ. ಅದಕ್ಕೇ ನಾವು ಎರಡನೇ ವಾರಕ್ಕೇ ಮೊದಲ ಡೋಸ್ ಕೊಡಿ ಅನ್ನೋದು. ಇಷ್ಟು ಚಿಕ್ಕ ಮರಿಗಾ ಅಂತ ಭಯ ಬೀಳ್ತಾರೆ, ಪೈರಾಂಟೆಲ್ ಇರೋ ಸಿರಪ್ ಆ ವಯಸ್ಸಿಗೂ ಸುರಕ್ಷಿತ, ತೂಕ ನೋಡಿ ಕೊಡ್ಬೇಕು ಅಷ್ಟೆ.

ಮರಿ ಹೊಟ್ಟೆ ಗುಂಡಗಿದೆ, ಚೆನ್ನಾಗಿ ಹಾಲು ಕುಡೀತಿದೆ ಅಂತ ಖುಷಿ ಪಡ್ತೀರಲ್ಲ, ಒಂದ್ಸಲ ಬೆನ್ನುಮೂಳೆ ಮೇಲೆ ಕೈಯಾಡಿಸಿ ನೋಡಿ. ಬೆನ್ನು ಎಲುಬು ಎಲುಬಾಗಿ ಸಿಕ್ಕಿ ಹೊಟ್ಟೆ ಮಾತ್ರ ಡೊಳ್ಳಾಗಿದ್ರೆ, ಕೂದಲು ಹೊಳಪಿಲ್ದೆ ಒರಟಾಗಿದ್ರೆ ಅದು ಹಾಲಲ್ಲ, ಹುಳ. ಜಾಸ್ತಿ ಆದ್ರೆ ಕರುಳೇ ಕಟ್ಕೊಂಡು ಬಿಡುತ್ತೆ.

ಇನ್ನು ಕೊಕ್ಕೆಹುಳ. ನನ್ನ ಪ್ರಕಾರ ಬೆಂಗಳೂರಿನ ಮರಿಗಳ ಮಟ್ಟಿಗೆ ಹೆಚ್ಚು ಹೆದರಬೇಕಾಗಿರೋದು ಇದಕ್ಕೆ, ಆದ್ರೆ ಜನಕ್ಕೆ ಕಡಿಮೆ ಗೊತ್ತಿರೋದೂ ಇದೇ, ಯಾಕಂದ್ರೆ ಇದು ಕಣ್ಣಿಗೆ ಕಾಣಲ್ಲ. ಒಂದೂವರೆ ಸೆಂಟಿಮೀಟರ್ ಇದ್ರೆ ಹೆಚ್ಚು, ಕರುಳಿನ ಗೋಡೆ ಕಚ್ಚಿಕೊಂಡು ರಕ್ತ ಕುಡೀತಾ ಕೂತಿರುತ್ತೆ, ಕಕ್ಕದಲ್ಲಿ ಬೀಳೋದು ಅಪರೂಪ. ಒಂದು ಹುಳ ದಿನಕ್ಕೆ 0.1 ಎಂಎಲ್ ತನಕ ರಕ್ತ ಕಳೀಬಹುದು. ಏನು ಮಹಾ ಅನ್ಸುತ್ತೆ ಅಲ್ವಾ? ಲೆಕ್ಕ ಹಾಕಿ. ಒಂದು ಕೆಜಿ ತೂಗೋ ಮರಿ ಮೈಯಲ್ಲಿರೋದೇ 80-90 ಎಂಎಲ್ ರಕ್ತ. ನೂರು ಹುಳ ಇದ್ರೆ ದಿನಕ್ಕೆ ಹತ್ತು ಎಂಎಲ್ ಹೋಯ್ತು. ವಾರ ತಡೆಯುತ್ತಾ ಆ ಮರಿ? ಅದರಲ್ಲೂ ಇದು ತಾಯಿ ಹಾಲಲ್ಲೇ ಬರೋದ್ರಿಂದ ಎರಡು ಮೂರು ವಾರದ ಮರಿಗಳು, ಇನ್ನೂ ಕಕ್ಕದಲ್ಲಿ ಒಂದು ಮೊಟ್ಟೇನೂ ಬಂದಿರಲ್ಲ, ಟೆಸ್ಟ್ ಮಾಡಿದ್ರೆ ನೆಗೆಟಿವ್, ಅಷ್ಟರಲ್ಲಿ ರಕ್ತ ಇಲ್ದೆ ಸತ್ತೇ ಹೋಗುತ್ವೆ. ಚಳಿಗೆ ಸತ್ವು, ತಾಯಿ ಮೇಲೆ ಮಲಗಿ ಸತ್ವು ಅಂತ ನಾವು ಅಂದ್ಕೋತೀವಿ.

ಹಾಗಾಗಿ ದಯವಿಟ್ಟು ಇದೊಂದನ್ನ ಎಲ್ಲರೂ ಕಲೀರಿ, ನಾಯಿ ತುಟಿ ಎತ್ತಿ ಒಸಡು ನೋಡೋದು. ಗುಲಾಬಿ ಬಣ್ಣ ಇರ್ಬೇಕು. (ಕೆಲವು ನಾಯಿಗೆ ಒಸಡೇ ಕಪ್ಪು ಇರುತ್ತೆ, ಅವಕ್ಕೆ ಕಣ್ಣಿನ ಕೆಳರೆಪ್ಪೆ ಸ್ವಲ್ಪ ಇಳಿಸಿ ಒಳಗಡೆ ನೋಡಿ.) ಬಿಳಿಚಿಕೊಂಡಿದ್ರೆ, ಕಕ್ಕ ಟಾರ್ ಥರ ಕಪ್ಪಗೆ ಅಂಟಂಟಾಗಿದ್ರೆ ಮೆಡಿಕಲ್ ಶಾಪಿಗೆ ಹೋಗ್ಬೇಡಿ, ನೇರ ವೆಟ್ ಹತ್ರ ಬನ್ನಿ, ಆಗ ಹುಳದ ಔಷಧಿ ಒಂದೇ ಸಾಕಾಗಲ್ಲ, ರಕ್ತಾನೇ ಕೊಡ್ಬೇಕಾಗಬಹುದು.

ಕೊಕ್ಕೆಹುಳ ನಮ್ಮೂರಿಗೆ ಹೇಳಿ ಮಾಡಿಸಿದ್ದು. ಇದರ ಮೊಟ್ಟೆ ಮಣ್ಣಿಗೆ ಬಿದ್ದು ಬೆಚ್ಚಗೆ, ತೇವ, ನೆರಳು ಇದ್ರೆ ಒಂದು ವಾರದೊಳಗೆ ಒಡೆದು ಲಾರ್ವಾ ರೆಡಿ ಆಗುತ್ತೆ, ಆಮೇಲೆ ಬಾಯಿಂದಾನೂ ಹೋಗುತ್ತೆ, ಪಾದದ ಚರ್ಮ ತೂರ್ಕೊಂಡೂ ಹೋಗುತ್ತೆ. ನಮ್ಮಲ್ಲಿ ಮೇ ತಿಂಗಳ ಮಳೆಯಿಂದ ಹಿಡಿದು ಅಕ್ಟೋಬರ್ ತನಕ ಪಾರ್ಕಿನ ಹುಲ್ಲು, ಮರದ ಬುಡ, ಖಾಲಿ ಸೈಟು ಒಣಗೋದೇ ಇಲ್ಲ. ಅಪಾರ್ಟ್‌ಮೆಂಟಲ್ಲಂತೂ ಬೇಸಿಗೇಲೂ ಲಾನಿಗೆ ದಿನಾ ಸ್ಪ್ರಿಂಕ್ಲರ್ ಬಿಡ್ತಾರೆ, ಅದೇ ಮೂಲೇಲಿ ಎಲ್ಲಾ ನಾಯಿಗಳೂ ಕಕ್ಕ ಮಾಡುತ್ವೆ. ಬೀದಿ ನಾಯಿಯಿಂದಲೇ ಬರುತ್ತೆ, ನಮ್ಮ ಗೇಟೆಡ್ ಕಮ್ಯುನಿಟಿ ಒಳಗೆ ಬೀದಿ ನಾಯಿ ಇಲ್ಲ ಅನ್ನೋರು ಇದನ್ನ ಯೋಚನೆ ಮಾಡಿ.

ಮೂರನೇದು ಲಾಡಿಹುಳ. ನಾಯಿ ಮಲಗಿದ್ದ ಜಾಗದಲ್ಲೋ ಬಾಲದ ಕೆಳಗೋ ಅಕ್ಕಿಕಾಳಿನ ಥರ ಅಂಟಿಕೊಂಡಿರುತ್ತೆ, ಹಸಿಯಾಗಿದ್ದಾಗ ಸ್ವಲ್ಪ ಹರಿದಾಡುತ್ತೆ. ಅದು ಇಡೀ ಹುಳ ಅಲ್ಲ, ಉದುರಿ ಬಿದ್ದ ತುಂಡು. ಇದು ಮಣ್ಣಿಂದ ಬರಲ್ಲ, ಚಿಗಟದಿಂದ ಬರುತ್ತೆ. ಚಿಗಟದ ಮರಿ ಈ ಹುಳದ ಮೊಟ್ಟೆ ತಿನ್ನುತ್ತೆ, ದೊಡ್ಡದಾಗಿ ನಾಯಿ ಮೈ ಹತ್ತುತ್ತೆ, ನಾಯಿ ತುರಿಕೆ ಅಂತ ಹಲ್ಲಲ್ಲಿ ಕಡ್ಕೊಳ್ಳುವಾಗ ಚಿಗಟಾನ ನುಂಗುತ್ತೆ, ಎರಡು ಮೂರು ವಾರಕ್ಕೆ ಮತ್ತೆ ತುಂಡುಗಳು ಶುರು. ಹಾಗಾಗಿ ಚಿಗಟ ಬಿಟ್ಟು ಲಾಡಿಹುಳಕ್ಕೆ ಎಷ್ಟು ಮಾತ್ರೆ ಕೊಟ್ರೂ ಅಷ್ಟೇ. ಲಾಡಿಹುಳದ ಔಷಧಿ ಪ್ರಾಜಿಕ್ವಾಂಟೆಲ್ ಕೊಟ್ಟ ದಿನಾನೇ ಚಿಗಟಕ್ಕೂ ಔಷಧಿ ಶುರು ಮಾಡಿ, ಮನೇಲಿ ಬೆಕ್ಕಿದ್ರೆ ಬೆಕ್ಕಿಗೂ ಬೇಕು (ಬೆಕ್ಕಿನದ್ದೇ ಬೇರೆ ಔಷಧಿ, ನಾಯಿದು ಹಾಕ್ಬೇಡಿ, ಪರ್ಮೆತ್ರಿನ್ ಇದ್ರೆ ಬೆಕ್ಕು ಸಾಯುತ್ತೆ), ಹಾಸಿಗೆ ಬಿಸಿನೀರಲ್ಲಿ ಒಗೀರಿ, ಸೋಫಾ ಸಂದಿ ವ್ಯಾಕ್ಯೂಮ್ ಮಾಡಿ, ಇದೆಲ್ಲಾ ಮೂರು ತಿಂಗಳಾದ್ರೂ ನಡೀಬೇಕು.

ಲಾಡಿಹುಳದಲ್ಲೇ ಇನ್ನೊಂದಿದೆ, ಅದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಎಕಿನೊಕಾಕಸ್. ಕೆಲವೇ ಮಿಲಿಮೀಟರ್ ಉದ್ದ, ನಾಯಿಗೆ ಏನೂ ತೊಂದರೆ ಕೊಡಲ್ಲ, ತೊಂದರೆ ಆಗೋದು ನಮಗೆ. ಕುರಿ, ಮೇಕೆ, ದನದ ಲಿವರಲ್ಲಿ, ಶ್ವಾಸಕೋಶದಲ್ಲಿ ಇದರ ನೀರುಗುಳ್ಳೆ ಇರುತ್ತೆ, ಅದನ್ನ ನಾಯಿ ಹಸಿಯಾಗಿ ತಿಂದ್ರೆ ನಾಯಿ ಕರುಳಲ್ಲಿ ಹುಳ ಆಗುತ್ತೆ, ಆ ನಾಯಿ ಕಕ್ಕದಲ್ಲಿರೋ ಮೊಟ್ಟೆ ಕೈಯಿಂದಲೋ ತೊಳೀದ ಸೊಪ್ಪಿನಿಂದಲೋ ನಮ್ಮ ಬಾಯಿಗೆ ಹೋದ್ರೆ ನಮ್ಮ ಲಿವರಲ್ಲಿ, ಶ್ವಾಸಕೋಶದಲ್ಲಿ ಅದೇ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ದೆ ಬೆಳೆಯುತ್ತೆ, ಆಪರೇಷನ್ ತನಕ ಹೋಗ್ಬಹುದು. ನಮ್ಮ ಎಷ್ಟೋ ಮಟನ್ ಅಂಗಡಿ ಮುಂದೆ ಸಾಯಂಕಾಲ ಉಳಿದಿದ್ದನ್ನ ಬೀದಿ ನಾಯಿಗೆ ಎಸೀತಾರೆ. ಪ್ರೀತಿಯಿಂದಲೇ ಎಸೀತಾರೆ, ಅದನ್ನ ಬೈಯೋಕೆ ನಾನು ಬಂದಿಲ್ಲ. ನಾಯಿಗೆ ಅಂತ ಅಗ್ಗಕ್ಕೆ ಬೋಟಿ, ಲಿವರ್, ಶ್ವಾಸಕೋಶ ತರೋರು ಇಲ್ಲೂ ಇದೀರ. ತನ್ನಿ, ಆದ್ರೆ ಕನಿಷ್ಠ ಅರ್ಧ ಗಂಟೆ ಚೆನ್ನಾಗಿ ಕುದಿಸಿ ಹಾಕಿ. ಅಂಗಡಿಯೋರು ಪರಿಚಯ ಇದ್ರೆ ಅವರಿಗೂ ಹೇಳಿ, ಗುಳ್ಳೆ ಇರೋ ಲಿವರ್ ನಾಯಿಗೆ ಹಾಕ್ಬೇಡಪ್ಪ ಅಂತ. ಹಸಿ ಮಾಂಸದ ಡಯಟ್ ಈಗ ಫ್ಯಾಷನ್ ಆಗಿದೆ, ಒಳಾಂಗಗಳನ್ನ ಹಸಿಯಾಗಿ ಕೊಡೋದನ್ನ ನಾನಂತೂ ಒಪ್ಪಲ್ಲ.

ಚಾಟಿಹುಳ ಅಂತ ಇನ್ನೊಂದಿದೆ, ದೊಡ್ಡ ಕರುಳಲ್ಲಿ ಇರುತ್ತೆ, ಲೋಳೆ ಲೋಳೆ ಭೇದಿ ಬಿಟ್ಟು ಬಿಟ್ಟು ಬರುತ್ತೆ. ಅದು ಬೆಳೆದು ಮೊಟ್ಟೆ ಇಡೋಕೆ ಸುಮಾರು ಮೂರು ತಿಂಗಳು ಬೇಕು, ಹಾಗಾಗಿ ಚಿಕಿತ್ಸೆ ತಿಂಗಳಿಗೊಂದ್ಸಲ ಹಾಗೆ ಮೂರು ಸಲ ಆಗ್ಬೇಕು. ಆಮೇಲೆ ಜಿಯಾರ್ಡಿಯಾ, ಕಾಕ್ಸಿಡಿಯಾ ಅಂತ ಬರುತ್ವೆ, ಇವು ಹುಳಾನೇ ಅಲ್ಲ, ಏಕಕೋಶ ಜೀವಿಗಳು. ಕಾಕ್ಸಿಡಿಯಾಗೆ ಡೀವರ್ಮಿಂಗ್ ಮಾತ್ರೆ ಕೆಲಸಾನೇ ಮಾಡಲ್ಲ, ಸಲ್ಫಾ ಥರದ ಔಷಧಿ ಬೇಕು. ಮರಿ ಭೇದಿ ಮಾಡ್ತಿದೆ, ಎರಡು ಸಲ ಡೀವರ್ಮ್ ಮಾಡಿದ್ವಿ ನಿಲ್ಲಲಿಲ್ಲ ಅನ್ನೋರಿಗೆ ಮೂರನೇ ಸಲ ಕೊಡ್ಬೇಡಿ, ಕಕ್ಕ ಟೆಸ್ಟ್ ಮಾಡಿಸಿ ಅಂತ ಹೇಳೋದು ಇದಕ್ಕೇ. ರಕ್ತಭೇದಿ ಜೊತೆ ವಾಂತಿ ಇದ್ದು ಮರಿ ಸುಸ್ತಾಗಿದ್ರೆ ಅದು ಪಾರ್ವೊ ಅನ್ನೋ ವೈರಸ್ ಕಾಯಿಲೆ ಇರ್ಬಹುದು, ಆಗ ಮನೇಲಿ ಹುಳದ ಮಾತ್ರೆ ಕೊಟ್ಟು ಎರಡು ದಿನ ಕಾಯ್ಬೇಡಿ, ಆ ಎರಡು ದಿನದಲ್ಲೇ ಮರಿ ಹೋಗುತ್ತೆ.

ಸರಿ, ಈಗ ಔಷಧಿ ವಿಷಯ. ಮರಿಗೆ ಎರಡನೇ ವಾರ, ನಾಲ್ಕನೇ ವಾರ, ಆರನೇ ವಾರ, ಎಂಟನೇ ವಾರ, ಆಮೇಲೆ ಆರು ತಿಂಗಳ ತನಕ ತಿಂಗಳಿಗೊಂದು. ಮರಿಗೆ ಕೊಡೋ ದಿನಾನೇ ತಾಯಿಗೂ ಕೊಡಿ, ಅವಳು ಮರಿಗಳನ್ನ ನೆಕ್ಕಿ ನೆಕ್ಕಿ ಅವುಗಳ ಹುಳದ ಮೊಟ್ಟೆ ಎಲ್ಲಾ ತಾನೇ ತಿಂದಿರ್ತಾಳೆ. ದೊಡ್ಡ ನಾಯಿಗೆ ಮೂರು ತಿಂಗಳಿಗೊಂದ್ಸಲ ಅನ್ನೋದು ಸಾಮಾನ್ಯ ಲೆಕ್ಕ, ದಿನಾ ಪಾರ್ಕಲ್ಲಿ ಆಡೋ ನಾಯಿಗೂ ಟೆರೇಸ್ ಬಿಟ್ಟು ಇಳೀದ ನಾಯಿಗೂ ಒಂದೇ ಲೆಕ್ಕ ಅಂತ ಇಲ್ಲ, ನಿಮ್ಮ ವೆಟ್ ಹತ್ರ ಮಾತಾಡಿ ತೀರ್ಮಾನ ಮಾಡಿ. ಇಲ್ಲಿ ಅಂಗಡೀಲಿ ಸಿಗೋ ಸಾಮಾನ್ಯ ಮಾತ್ರೇಲಿ ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಇರುತ್ವೆ, 10 ಕೆಜಿಗೆ ಒಂದು ಮಾತ್ರೆ ಅನ್ನೋ ಅಳತೆ. ಇಲ್ಲೇ ಎಡವೋದು. ಲ್ಯಾಬ್ರಡಾರ್ ಅಲ್ವಾ, ಎರಡು ಮಾತ್ರೆ ಸಾಕು ಅಂತ ಕಣ್ಣಳತೇಲಿ ಕೊಡ್ತಾರೆ, ನಾಯಿ ಇರೋದು 34 ಕೆಜಿ. ಡೋಸ್ ಕಡಿಮೆ ಆದ್ರೆ ಅರ್ಧ ಹುಳ ಉಳಿಯುತ್ತೆ, ಔಷಧಿ ತಡ್ಕೊಂಡು ಉಳಿದ ಹುಳಗಳೇ ಮುಂದೆ ಸಂತಾನ ಬೆಳೆಸುತ್ವೆ. ಅಮೆರಿಕದಲ್ಲಿ ರೇಸ್ ಓಡಿಸೋ ಗ್ರೇಹೌಂಡ್ ನಾಯಿಗಳಲ್ಲಿ ಯಾವ ಮಾಮೂಲಿ ಔಷಧಿಗೂ ಬಗ್ಗದ ಕೊಕ್ಕೆಹುಳ ಈಗಾಗ್ಲೇ ಬಂದಿದೆ. ಹಾಗಾಗಿ ತೂಕ ನೋಡಿ ಕೊಡಿ. ನಾಯಿ ತೂಕದ ಮೆಷಿನ್ ಬೇಕಿಲ್ಲ, ಮನೆ ಮೆಷಿನ್ ಮೇಲೆ ನಾಯಿ ಎತ್ಕೊಂಡು ನಿಂತು ನೋಡಿ, ನಿಮ್ಮ ತೂಕ ಕಳೀರಿ. ಮಾತ್ರೆ ಕಹಿ ಇರುತ್ತೆ, ಬೆಣ್ಣೆ ಸವರಿ ಇಡ್ಲಿ ತುಂಡಲ್ಲಿ ಇಟ್ಟು ಕೊಟ್ರೆ ತಿನ್ನುತ್ತೆ, ಆದ್ರೆ ಅರ್ಧ ಗಂಟೆ ಕಣ್ಣಿಟ್ಟಿರಿ, ಸೋಫಾ ಹಿಂದೆ ಉಗುಳೋ ಬುದ್ಧಿವಂತರಿದಾರೆ.

ಎರಡು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಮಕ್ಕಳಿಗೆ ಶಾಲೇಲಿ ಕೊಡೋ ಆಲ್ಬೆಂಡಜೋಲ್ ಮಾತ್ರೆ ಮನೇಲಿ ಉಳಿದಿದೆ ಅಂತ ನಾಯಿಗೆ ಹಾಕ್ಬೇಡಿ, ನಾಯಿಗಳಲ್ಲಿ ಅದು ಮೂಳೆಮಜ್ಜೆಗೆ ಪೆಟ್ಟು ಕೊಟ್ಟಿರೋ ಉದಾಹರಣೆಗಳಿವೆ, ಅದಕ್ಕಿಂತ ಸುರಕ್ಷಿತ ಔಷಧಿ ಇರುವಾಗ ಅದು ಬೇಡ. ಇನ್ನೊಂದು ಐವರ್ಮೆಕ್ಟಿನ್. ಹಸುಗಳಿಗೆ ಹಾಕೋ ಇಂಜೆಕ್ಷನ್ನನ್ನ ಅಂದಾಜಲ್ಲಿ ನಾಯಿಗೆ ಚುಚ್ಚೋರು ಇದಾರೆ. ಕೋಲಿ, ಶೆಲ್ಟಿ, ಆಸ್ಟ್ರೇಲಿಯನ್ ಶೆಪರ್ಡ್ ಥರದ ತಳಿಗಳಲ್ಲಿ ಒಂದು ಜೀನ್ ದೋಷ ಇದ್ದು ಆ ಔಷಧಿ ಮೆದುಳಿಗೆ ನುಗ್ಗುತ್ತೆ, ನಾಯಿ ತೂರಾಡುತ್ತೆ, ಕಣ್ಣು ಕಾಣ್ದೆ ಆಗುತ್ತೆ, ಕೋಮಾಗೆ ಹೋಗಿ ಸತ್ತೂ ಹೋಗ್ಬಹುದು. ಬೇರೆ ತಳಿಗೂ ಡೋಸ್ ಮೀರಿದ್ರೆ ವಿಷಾನೇ.

ಕಕ್ಕ ಟೆಸ್ಟ್ ವರ್ಷಕ್ಕೆ ಒಂದೆರಡು ಸಲ ಮಾಡಿಸಿ, ಖರ್ಚು ಜಾಸ್ತಿ ಆಗಲ್ಲ. ಅವತ್ತಿನದ್ದೇ ತಾಜಾ ಸ್ಯಾಂಪಲ್ ಒಂದು ಚಮಚದಷ್ಟು ಡಬ್ಬಿಗೆ ಹಾಕಿ ತನ್ನಿ, ಮಣ್ಣು ಸೇರದ ಹಾಗೆ. ಹೆಬ್ಬಾಳದ ವೆಟರ್ನರಿ ಕಾಲೇಜಿನ ಆಸ್ಪತ್ರೇಲಿ ಆಗುತ್ತೆ, ಸುಮಾರು ಕ್ಲಿನಿಕ್ಕಲ್ಲೂ ಆಗುತ್ತೆ. ಉಪ್ಪಿನ ದ್ರಾವಣದಲ್ಲಿ ಕದಡಿದ್ರೆ ಮೊಟ್ಟೆ ಮೇಲೆ ತೇಲುತ್ತೆ, ಅದನ್ನ ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ಲಾಡಿಹುಳ ಇದರಲ್ಲಿ ಎಷ್ಟೋ ಸಲ ತಪ್ಪಿಸ್ಕೊಳ್ಳುತ್ತೆ, ಹಾಗಾಗಿ ಅಕ್ಕಿಕಾಳಿನ ತುಂಡು ಕಂಡಿದ್ರೆ ಫೋಟೋ ತೆಗೆದು ತೋರಿಸಿ.

ಈಗ ನೆಲ. ದುಂಡುಹುಳದ ಮೊಟ್ಟೆ ಇವತ್ತು ಬಿದ್ದಿದ್ದು ಇವತ್ತೇ ರೋಗ ಹರಡಲ್ಲ. ಅದರೊಳಗೆ ಲಾರ್ವಾ ಬೆಳೆಯೋಕೆ ಎರಡು ವಾರಕ್ಕಿಂತ ಹೆಚ್ಚು ಬೇಕು. ಆಮೇಲೆ ಮಾತ್ರ ವರ್ಷಗಟ್ಟಲೆ ಮಣ್ಣಲ್ಲಿ ಬದುಕಿರುತ್ತೆ, ಫಿನೈಲ್ ಬ್ಲೀಚ್ ಯಾವುದಕ್ಕೂ ಜಗ್ಗಲ್ಲ. ಈ ಎರಡು ಮಾತನ್ನ ಜೋಡಿಸಿ ನೋಡಿ, ಕಕ್ಕ ಬಿದ್ದ ತಕ್ಷಣ ಎತ್ತಿಬಿಟ್ರೆ ಆ ಅಷ್ಟೂ ಮೊಟ್ಟೆ ಯಾರಿಗೂ ಏನೂ ಮಾಡೋಕೆ ಮುಂಚೆ ಹೋಯ್ತು, ಬಿಟ್ರೆ ಮಳೆಗೆ ಕರಗಿ ಕಣ್ಣಿಗೆ ಕಾಣಲ್ಲ, ಆದ್ರೆ ಮೊಟ್ಟೆ ಅಲ್ಲೇ ಇರುತ್ತೆ. ಮಳೆಗೆ ತೊಳ್ಕೊಂಡು ಹೋಗುತ್ತೆ ಬಿಡಿ, ಗಿಡಕ್ಕೆ ಗೊಬ್ಬರ ಆಗುತ್ತೆ ಅನ್ನೋದು ಇದಕ್ಕೇ ಸರಿ ಇಲ್ಲ. ಎತ್ತಿದ್ದನ್ನ ಕವರಿಂದ ಬಿಡಿಸಿ ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಿ. ಟೆರೇಸ್ ಗಾರ್ಡನ್ ಮಾಡೋರು ತುಂಬಾ ಜನ ಇದೀರ, ಅಡುಗೆಮನೆ ಕಸದ ಕಾಂಪೋಸ್ಟ್ ಡಬ್ಬಿಗೆ ಮಾತ್ರ ನಾಯಿ ಕಕ್ಕ ಹಾಕ್ಬೇಡಿ, ಆ ಡಬ್ಬಿ ಮೊಟ್ಟೆ ಸಾಯೋಷ್ಟು ಬಿಸಿ ಆಗುತ್ತೆ ಅಂತ ನಂಬೋಕಾಗಲ್ಲ, ಆ ಗೊಬ್ಬರದಲ್ಲೇ ನೀವು ಕೊತ್ತಂಬರಿ ಬೆಳೀತೀರ. ಮನೆ ಮುಂದಿನ ಸಿಮೆಂಟ್ ನೆಲಕ್ಕೆ ಕುದಿಯೋ ನೀರು ಹುಯ್ದು ಉಜ್ಜಿ, ಬಿಸಿಲಿಗೆ ಒಣಗಿಸಿ, ಕೊಕ್ಕೆಹುಳದ ಲಾರ್ವಾ ಒಣ ಬಿಸಿಲಲ್ಲಿ ಬೇಗ ಸಾಯುತ್ತೆ.

ಮಕ್ಕಳ ವಿಷಯ ಇಲ್ಲಿ ಬರುತ್ತೆ. ದುಂಡುಹುಳದ ಲಾರ್ವಾ ಮಕ್ಕಳ ದೇಹದಲ್ಲಿ ಲಿವರ್, ಶ್ವಾಸಕೋಶ, ಕೆಲವು ಸಲ ಕಣ್ಣಿಗೂ ಹೋಗುತ್ತೆ. 1952ರಲ್ಲಿ ಅಮೆರಿಕದ ಪಾಲ್ ಬೀವರ್ ಮತ್ತು ಅವರ ಜೊತೆಯವರು ಮಕ್ಕಳಲ್ಲಿ ಇದನ್ನ ಗುರುತಿಸಿದ್ರು. ಕಣ್ಣಿಗೆ ಹೋದ್ರೆ ದೃಷ್ಟಿಗೇ ಅಪಾಯ. ಶಾಲೇಲಿ ಕೊಡೋ ಜಂತುಹುಳದ ಮಾತ್ರೆ ಮನುಷ್ಯರ ಹುಳಕ್ಕೆ, ಅದು ಕೊಟ್ಟಿದೆ ಅಂತ ಇದರ ಬಗ್ಗೆ ನಿಶ್ಚಿಂತೆ ಬೇಡ. ಹಾಗಂತ ನಾಯೀನ ಮನೆಯಿಂದ ಓಡಿಸ್ಬೇಕಾ? ಖಂಡಿತ ಬೇಡ. ಮಕ್ಕಳಿಗೆ ಬರೋದು ಹೆಚ್ಚಾಗಿ ಮಣ್ಣಿಂದ, ಹಳೇ ಮೊಟ್ಟೆಯಿಂದ, ಆಟದ ಮರಳಿಂದ. ಪಾರ್ಕಿನ ಮರಳುಗುಂಡಿಗೆ ರಾತ್ರಿ ಟಾರ್ಪಾಲ್ ಮುಚ್ಚಿ, ಆಡಿ ಬಂದ ಮಗು ಸೋಪಲ್ಲಿ ಕೈ ತೊಳೀಲಿ, ಉಗುರು ಕತ್ತರಿಸಿ, ನಾಯಿಗೆ ಸರಿಯಾಗಿ ಔಷಧಿ ಕೊಡಿ. ಬರಿಗಾಲಲ್ಲಿ ಒದ್ದೆ ಹುಲ್ಲಲ್ಲಿ ನಡೆಯೋರ ಪಾದದ ಮೇಲೆ ಹಾವು ಹರಿದ ಹಾಗೆ ಕೆಂಪು ಗೆರೆ ದಿನಾ ಮುಂದೆ ಹೋಗ್ತಾ ತುರಿಕೆ ಆದ್ರೆ ಅದು ಕೊಕ್ಕೆಹುಳದ ಲಾರ್ವಾ ಇರ್ಬಹುದು, ಚರ್ಮದ ಡಾಕ್ಟರ್ ಹತ್ರ ಹೋಗಿ ನಾಯಿ ವಿಷಯಾನೂ ಹೇಳಿ.

ಆಮೇಲೆ ಕೇಳಿದ ಪ್ರಶ್ನೆಗಳು.

ಒಬ್ಬರು ಅಜ್ಜಿ ಕೇಳಿದ್ರು, ಬೆಲ್ಲ, ಸಿಹಿ ಬಿಸ್ಕತ್ತು ತಿಂದ್ರೆ ಹುಳ ಆಗುತ್ತಲ್ವೇನಪ್ಪಾ? ಇಲ್ಲ ಅಜ್ಜಿ, ಮೊಟ್ಟೆನೋ ಲಾರ್ವಾನೋ ಒಳಗೆ ಹೋಗ್ದೆ ಹುಳ ಹುಟ್ಟಲ್ಲ. ಸಿಹಿ ನಾಯಿಗೆ ಬೇರೆ ಕಾರಣಕ್ಕೆ ಒಳ್ಳೇದಲ್ಲ. ಬೆಳ್ಳುಳ್ಳಿ ಅರೆದು ಹಾಕಿದ್ರೆ ಹುಳ ಬೀಳುತ್ತೆ ಅಂತಾರಲ್ಲ ಅಂದ್ರು ಇನ್ನೊಬ್ಬರು. ಬೇಡವೇ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ, ಮೊದಲೇ ಕೊಕ್ಕೆಹುಳದಿಂದ ರಕ್ತ ಕಮ್ಮಿ ಇರೋ ನಾಯಿಗೆ ಅದೂ ಸೇರಿದ್ರೆ ಗತಿ ಏನು.

ನಾಯಿ ಕುಂಡೆ ನೆಲಕ್ಕೆ ಉಜ್ಕೊಂಡು ಹೋಗುತ್ತೆ, ಹುಳಾನೇ ಅಲ್ವಾ ಅಂತ ಒಬ್ಬ ಹುಡುಗ ಕೇಳ್ದ. ಹೆಚ್ಚಿನ ಸಲ ಅಲ್ಲ, ಗುದದ ಪಕ್ಕ ಎರಡು ಗ್ರಂಥಿ ಇದಾವೆ, ಅವು ತುಂಬ್ಕೊಂಡ್ರೆ ಹಾಗೆ ಮಾಡುತ್ತೆ. ಲಾಡಿಹುಳಾನೂ ಇರ್ಬಹುದು, ಬಾಲ ಎತ್ತಿ ನೋಡು.

ಬೀದಿ ನಾಯಿಗೆ ಊಟ ಹಾಕೋ ಒಬ್ಬ ಮೇಡಂ ಕೇಳಿದ್ದು ನನಗೆ ತುಂಬಾ ಮುಖ್ಯ ಅನ್ನಿಸ್ತು. ಇಷ್ಟೊಂದು ನಾಯಿ, ಎಷ್ಟಕ್ಕೆ ಅಂತ ಕೊಡೋದು? 2023ರ ಸರ್ವೆ ಪ್ರಕಾರ ಬೆಂಗಳೂರಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿ ಇದ್ವು, ಎಲ್ಲಕ್ಕೂ ನಾವು ಕೊಡೋಕಾಗಲ್ಲ, ನಿಜ. ಆದ್ರೆ ನೀವು ದಿನಾ ಊಟ ಹಾಕೋ ನಾಯಿಗಳು ನಿಮಗೆ ಗೊತ್ತು, ತೂಕದ ಅಂದಾಜು ವೆಟ್ ಹತ್ರ ಮಾಡಿಸಿ, ಒಂದೊಂದಕ್ಕೆ ಬೇರೆ ಬೇರೆ ತುತ್ತಲ್ಲಿ ಇಟ್ಟು ಕೈಯಾರೆ ತಿನ್ನಿಸಿ. ಪಾತ್ರೇಲಿ ಕಲಸಿ ಇಟ್ರೆ ಜೋರಿರೋ ನಾಯಿ ಎಲ್ಲಾ ತಿಂದು ಅದಕ್ಕೆ ಜಾಸ್ತಿ, ಬಡಪಾಯಿಗೆ ಏನೂ ಇಲ್ಲ. ಯಾವ ನಾಯಿಗೆ ಯಾವತ್ತು ಕೊಟ್ರಿ ಅಂತ ಮೊಬೈಲಲ್ಲಿ ಫೋಟೋ ಜೊತೆ ಬರೆದಿಡಿ. ಎಲ್ಲಕ್ಕಿಂತ ಮೊದಲು ಮರಿ ಹಾಕಿರೋ ತಾಯಿ, ಆಮೇಲೆ ಮರಿಗಳು, ದುಡ್ಡು ಕಮ್ಮಿ ಇದ್ರೆ ಅಷ್ಟಾದ್ರೂ ಮಾಡಿ, ಹೆಚ್ಚು ಮೊಟ್ಟೆ ನೆಲಕ್ಕೆ ಬೀಳೋದು ಮರಿಗಳಿಂದಾನೇ. ಊಟ ಹಾಕೋ ಜಾಗದ ಸುತ್ತ ಬಿದ್ದ ಕಕ್ಕಾನೂ ಎತ್ತಿಬಿಡಿ, ಅಕ್ಕಪಕ್ಕದವರ ಜಗಳ ಅರ್ಧ ಅಲ್ಲೇ ಕಮ್ಮಿ ಆಗುತ್ತೆ.

ಕೊನೇ ಪ್ರಶ್ನೆ, ರಸ್ತೇಲಿ ಸಿಕ್ಕ ಮರೀನ ಮನೆಗೆ ತಂದ್ರೆ ಮೊದಲು ಏನು ಮಾಡ್ಬೇಕು. ಮನೇಲಿರೋ ನಾಯಿಯಿಂದ ಬೇರೆ ಇಡಿ, ಬೆಚ್ಚಗಿಡಿ, ಒಸಡು ನೋಡಿ, ತೂಕ ನೋಡಿ. ಒಸಡು ಗುಲಾಬಿ ಇದ್ದು ಮರಿ ಚುರುಕಾಗಿದ್ರೆ ತೂಕಕ್ಕೆ ತಕ್ಕ ಸಿರಪ್ ಕೊಟ್ಟು ಎರಡು ವಾರಕ್ಕೆ ಮತ್ತೆ ಕೊಡಿ. ಕೊಟ್ಟ ಮಾರನೇ ದಿನ ಹುಳ ಉಂಡೆ ಉಂಡೆಯಾಗಿ ಬಿದ್ರೆ ಗಾಬರಿ ಬೇಡ, ಔಷಧಿ ಕೆಲಸ ಮಾಡಿದೆ, ಗ್ಲೌಸ್ ಹಾಕ್ಕೊಂಡು ಎತ್ತಿ ಫ್ಲಶ್ ಮಾಡಿ, ಮಲಗಿದ್ದ ಬಟ್ಟೆ ಬದಲಾಯಿಸಿ. ಒಸಡು ಬಿಳಿ ಇದ್ರೆ, ಇಲ್ಲಾ ಏಳೋಕಾಗ್ದೆ ಬಿದ್ಕೊಂಡಿದ್ರೆ ಏನೂ ಕೊಡ್ಬೇಡಿ, ರಾತ್ರಿ ಆಗಿದ್ರೂ ಪರವಾಗಿಲ್ಲ, ಬಟ್ಟೇಲಿ ಸುತ್ತಿ ನೇರ ಆಸ್ಪತ್ರೆಗೆ ತನ್ನಿ.